ಜುಂಜಯ್ಯ ಕೂತರೆ ಕೆಂಪು

ಹೆಸರುಕಾಳಿಗಿಂತ ಒಂದಿಷ್ಟು ದಪ್ಪ, ಕಡಲೆಕಾಳಿಗಿಂತ ಒಂದಿಷ್ಟು ಸಣ್ಣ. ಅಷ್ಟೇ ಇದ್ದದ್ದು ಆ ದೀಪ. ಆದರೆ ಐವತ್ತೆರಡು ವರ್ಷ ಜುಂಜಯ್ಯ ಜೋಪಾನ ಮಾಡಿಕೊಂಡು ಬಂದಿದ್ದ ಮಾನವನ್ನು ಅದು ಒಂದೇ ಸೋಮವಾರ, ಊಟದ ಹೊತ್ತಿಗೂ ಮುಂಚೆ, ತೆಗೆದು ಬೀದಿಗಿಟ್ಟಿತು.

ಜುಂಜಯ್ಯ ಚಿತ್ರದುರ್ಗದ ಏಳುಸುತ್ತು ಉಣ್ಣೆ ಉತ್ಪಾದಕರ ಸಹಕಾರ ಒಕ್ಕೂಟದಲ್ಲಿ ಹಿರಿಯ ಗುಮಾಸ್ತ. ಮನೆ ಹೊಸದುರ್ಗದಲ್ಲಿ. ಬೆಳಗಾದರೆ ಬಸ್ಸು, ಸಂಜೆಯಾದರೆ ಬಸ್ಸು. ದಿನಕ್ಕೆ ನಾಲ್ಕು ತಾಸು ಸೀಟಿನ ಮೇಲೆ ಕುಲುಕಿ ಕುಲುಕಿ ಅವನ ಬೆನ್ನೆಲುಬಿನ ಮಣಿಗಳು ಹಳೇ ಗಾಡಿಯ ಕೀಲಿನಂತೆ ಸದ್ದು ಮಾಡುತ್ತಿದ್ದವು. ಒಕ್ಕೂಟದ ಶಾಖೆ ಹೊಸದುರ್ಗದಲ್ಲೂ ಇತ್ತು. ಅವನ ಮನೆಯಿಂದ ಅಲ್ಲಿಗೆ ಚಪ್ಪಲಿ ಮೆಟ್ಟದೆಯೂ ಹೋಗಬಹುದಿತ್ತು. ಅಲ್ಲಿಗೆ ವರ್ಗ ಮಾಡಿಸಿ ಎಂದು ನಾಲ್ಕು ವರ್ಷದಲ್ಲಿ ಮೂರು ಅರ್ಜಿ ಕೊಟ್ಟಿದ್ದ. ವ್ಯವಸ್ಥಾಪಕ ನಾಗಭೂಷಣ ಅವರು ಮೂರಕ್ಕೂ ಒಂದೇ ಮಾತು ಹೇಳಿದ್ದರು: "ನೀವು ಹೋದ್ರೆ ಹಳೇ ಫೈಲು ಯಾವ ಬೀರುನಾಗೆ ಐತೆ ಅಂತ ಯಾರನ್ನ ಕೇಳಾದ್ರಿ?"

ಈಗ ಹೊಸದುರ್ಗದ ಶಾಖೆಯ ಗುಮಾಸ್ತರು ನಿವೃತ್ತರಾಗುವವರಿದ್ದರು. ಜುಂಜಯ್ಯ ನಾಲ್ಕನೆಯ ಅರ್ಜಿ ಬರೆದು ಚೀಲದಲ್ಲಿಟ್ಟುಕೊಂಡೇ ಅವತ್ತು ಬಂದಿದ್ದ. ತಾಯಿ ಪಾಲಮ್ಮನ ಕಣ್ಣಿನ ಪೊರೆ ತೆಗೆಸಲು ಒಂದು ವಾರ ರಜೆ ಹಾಕಿದ್ದವನು ಅದೇ ದಿನ ಕೆಲಸಕ್ಕೆ ಹಾಜರಾಗುತ್ತಿದ್ದ. ಆ ಒಂದು ವಾರದಲ್ಲಿ ಕಚೇರಿಗೆ ಒಂದು ಯಂತ್ರ ಬಂದಿತ್ತು.

ಕಚೇರಿ ಇರುವುದು ಮಹಡಿಯ ಮೇಲೆ. ಕೆಳಗಡೆ ಉಣ್ಣೆಯ ಗೋದಾಮು. ಕಟ್ಟಡ ಕಟ್ಟಿಸಿದಾಗ ಆಡಳಿತ ಮಂಡಳಿಯವರು ದೊಡ್ಡಸ್ತಿಕೆಗೆ ಇಡೀ ಮಹಡಿಗೆ ಒಂದೇ ಏಸಿ ಹಾಕಿಸಿದ್ದರು. ಅದರ ತಗಡಿನ ಕೊಳವೆ ಕುರಿ ನುಂಗಿದ ಹೆಬ್ಬಾವಿನ ಹಾಗೆ ಸೂರಿನುದ್ದಕ್ಕೂ ಮಲಗಿತ್ತು. ತಣ್ಣನೆ ಗಾಳಿಯ ಜೊತೆಗೆ ಗೋದಾಮಿನ ಉಣ್ಣೆಯ ಎಳೆಗಳನ್ನೂ ಅದು ಎಲ್ಲರ ತಲೆಯ ಮೇಲೆ ಉದುರಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನಾಗಭೂಷಣ ಅವರ ಮೀಸೆಯ ಮೇಲೆ, ಕುರಿಯಂತೆ ಕತ್ತರಿಸಬಹುದು ಎನ್ನುವಷ್ಟು ಉಣ್ಣೆ ಕೂತಿರುತ್ತಿತ್ತು. ಕೊನೆಗೆ ಅಧ್ಯಕ್ಷರು ಮನಸ್ಸು ಮಾಡಿ ಕೊಳವೆಯ ಹೊಟ್ಟೆಯೊಳಗೇ ಗಾಳಿ ಶುದ್ಧ ಮಾಡುವ ಯಂತ್ರ ಕೂರಿಸಿದ್ದರು. ಒಳಗೆ ದೂಳು ಹಿಡಿಯುವ ಫಿಲ್ಟರು, ಕ್ರಿಮಿ ಕೊಲ್ಲುವ ನೀಲಿ ದೀಪ. ಹೊರಗೆ, ನಡುವಿನ ಕಂಬದ ಮೇಲೆ, ಎಲ್ಲರಿಗೂ ಕಾಣುವಂತೆ ಆ ಪುಟ್ಟ ದೀಪ. ಹಸಿರಾದರೆ ಗಾಳಿ ಚೊಕ್ಕ, ಕೆಂಪಾದರೆ ಕೊಳಕು.

ಒಂದು ವಾರ ದೀಪ ಹಸಿರಾಗಿಯೇ ಉರಿದಿತ್ತು. ಅದು ಹಸಿರಾಗಿದ್ದುದರಿಂದ ಕಾಫಿಯಲ್ಲಿ ತೇಲುವ ಎಳೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ನಾಗಭೂಷಣ ಅವರು ದಿನಾ ಬೆಳಿಗ್ಗೆ ಅದರ ಫೋಟೋ ತೆಗೆದು ಒಕ್ಕೂಟದ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ 'ಶುಭೋದಯ' ಎಂದು ಬರೆಯುತ್ತಿದ್ದರು. ಮಂಗಳವಾರ ಅಧ್ಯಕ್ಷರು ನಿರ್ದೇಶಕರನ್ನೆಲ್ಲ ಕರೆದುಕೊಂಡು ಯಂತ್ರ ನೋಡಲು ಬರುವವರಿದ್ದರು.

ಜುಂಜಯ್ಯ ತನ್ನ ಜಾಗಕ್ಕೆ ಹೋಗಿ ಕೂತ. ಕೊಳವೆಯ ಬಾಯಿಗಳ ಪೈಕಿ ಎರಡು, ಗಾಳಿ ಉಗುಳುವುದೊಂದು, ನುಂಗುವುದೊಂದು, ಎರಡೂ ಅವನ ಕುರ್ಚಿಯ ನೆತ್ತಿಗೇ ಇದ್ದವು. ಬೋಳುತಲೆಯ ಮೇಲೆ ಬೀಳುವ ಆ ಚಳಿ ತಡೆಯಲಾರದೆ, ಕೂತ ಕೂಡಲೇ ಪಕ್ಕದ ಕಿಟಕಿಯನ್ನು ಒಂದು ಗೇಣು ಸರಿಸುವುದು ಅವನ ರೂಢಿ. ಎದ್ದಾಗ, ದುರ್ಗದ ಗಾಳಿಗೆ ಕಾಗದ ಹಾರದಂತೆ ಮುಚ್ಚುವುದೂ ರೂಢಿ. ಏಸಿ ಕಚೇರಿಯಲ್ಲಿ ಕಿಟಕಿ ತೆರೆಯುವುದನ್ನು ನಾಗಭೂಷಣ ಅವರು ನಿಷೇಧಿಸಿದ್ದರು. ಆದರೆ ಹಳೇ ಫೈಲಿನ ಬೀರು ಅಡ್ಡ ಇದ್ದುದರಿಂದ ಕಿಟಕಿ ಯಾರಿಗೂ ಕಾಣುತ್ತಿರಲಿಲ್ಲ. ಜುಂಜಯ್ಯನಿಗಂತೂ ಅದು ಕನ್ನಡಕ ಒರೆಸಿಕೊಂಡಷ್ಟೇ ಸಹಜವಾಗಿ, ಮಾಡಿದ ನೆನಪೂ ಉಳಿಯುತ್ತಿರಲಿಲ್ಲ.

ಐದು ನಿಮಿಷವಾಗಿರಲಿಲ್ಲ. ಎದುರಿನ ಮೇಜಿನ ಯಶೋಧಾ ಮೇಡಂ ಕಿಟಾರನೆ ಕಿರುಚಿದರು.

"ಅಯ್ಯೋ! ದೀಪ ಕೆಂಪಾತು!"

ಇಡೀ ಕಚೇರಿ ಎದ್ದು ನಿಂತಿತು. ನಾಗಭೂಷಣ ಅವರು ಕೋಣೆಯಿಂದ ಓಡಿಬಂದರು. ಮನೆಯಲ್ಲಿ ಹಸುಗೂಸು ಎಚ್ಚರ ತಪ್ಪಿದಾಗ ನಿಲ್ಲುವ ಹಾಗೆ ಎಲ್ಲರೂ ಕಂಬದ ಸುತ್ತ ನಿಂತರು.

"ಯಾರು ಏನು ಮಾಡಿದ್ರಿ?"

"ಯಾರೂ ಏನೂ ಮಾಡಿಲ್ಲ ಸಾರ್," ಎಂದರು ಯಶೋಧಾ ಮೇಡಂ. ದನಿ ತಗ್ಗಿಸಿ, "ಜುಂಜಯ್ಯನೋರು ಬಂದು ಕುಂತ್ರು, ಅಷ್ಟೇ."

ಇಪ್ಪತ್ತು ಕಣ್ಣು ಜುಂಜಯ್ಯನ ಮೇಲೆ ಬಿದ್ದವು.

"ಏನ್ ಮೇಡಂ, ನಾನೇನು ಕಸದ ಗಾಡಿಯಾ?" ಎಂದು ಜುಂಜಯ್ಯ ನಕ್ಕ. ಬೇರೆ ಯಾರೂ ನಗಲಿಲ್ಲ.

"ಒಂದು ಚೂರು ಎದ್ದು ಆಚೆ ಹೋಗಿ ಬರ್ರಿ, ನೋಡಾಣ," ಎಂದರು ನಾಗಭೂಷಣ.

ಜುಂಜಯ್ಯ ಎದ್ದು, ರೂಢಿಯಂತೆ ಕಿಟಕಿ ಮುಚ್ಚಿ, ಮೆಟ್ಟಿಲ ತನಕ ಹೋಗಿ ನಿಂತ. ಹತ್ತು ನಿಮಿಷದಲ್ಲಿ ದೀಪ ಹಸಿರಾಯಿತು. "ಆತು ಆತು!" ಎಂದು ಒಳಗೆ ಚಪ್ಪಾಳೆ ಬಿತ್ತು. ವಾಪಸು ಬಂದು ಕೂತ. ಕೆಂಪಾಯಿತು. ಮತ್ತೆ ಹೋದ, ಹಸಿರು. ಮತ್ತೆ ಬಂದ, ಕೆಂಪು. ನಾಲ್ಕನೆಯ ಸಲಕ್ಕೆ ಅವನಿಗೇ ತನ್ನ ಮೇಲೆ ಅನುಮಾನ ಬಂದು, ಯಾರಿಗೂ ಕಾಣದಂತೆ ತೋಳು ಎತ್ತಿ ಮೂಸಿ ನೋಡಿಕೊಂಡ.

ಉಗ್ರಾಣ ವಿಭಾಗದ ಹರೀಶ ಅಷ್ಟರಲ್ಲಿ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿಯಾಗಿತ್ತು. ಮೂವತ್ತರ ಹರೀಶ ದುರ್ಗದವನೇ, ಕಚೇರಿಯಿಂದ ಕೂಗಳತೆಯಲ್ಲಿ ಮನೆ. ಕೂದಲಿಗೆ ಒಂದು, ಕಂಕುಳಿಗೆ ಒಂದು, ಕರವಸ್ತ್ರಕ್ಕೆ ಒಂದು ಎಂದು ಮೂರು ಬಗೆಯ ಸೆಂಟು ಇಟ್ಟುಕೊಂಡ ಷೋಕಿಲಾಲ.

"ಅಣ್ಣ, ಬೇಜಾರಾಗಬ್ಯಾಡ. ಬಸ್ಸಿನ ದೂಳು ಇರಬೇಕು. ಕೆಳಗೆ ಉಣ್ಣೆ ತೊಳೆಯೋ ತೊಟ್ಟಿ ಐತಲ್ಲ, ಅಲ್ಲಿ ಒಂದು ಸ್ನಾನ ಹಾಕ್ಕೊಂಬಿಡು. ನನ್ನ ಟೀ ಶರ್ಟ್ ಕೊಡ್ತೀನಿ."

"ಲೇ, ಬೆಳಿಗ್ಗೆ ಸ್ನಾನ ಮಾಡೇ ಬಂದೀನಿ ಕಣೋ!"

"ಮೆಷಿನ್ ಸುಳ್ಳು ಹೇಳ್ತೈತಾ ಜುಂಜಯ್ಯನೋರೆ?" ಎಂದರು ನಾಗಭೂಷಣ, ಬಹಳ ಮೆಲ್ಲಗೆ. ಆ ಮೆಲುದನಿ ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಉಣ್ಣೆಗೆ ಹಾಕುವ ಸೋಪಿನ ಪುಡಿಯಲ್ಲಿ ಉಜ್ಜಿಕೊಂಡು, ಹರೀಶನ ಕಬಡ್ಡಿ ತಂಡದ ಏಳನೆಯ ನಂಬರಿನ ಅಂಗಿ ತೊಟ್ಟು, ಹೊಟ್ಟೆಯ ಮೇಲೆ ಆ ಏಳು ಎಂಟಾಗುವಷ್ಟು ಹಿಗ್ಗಿ, ಜುಂಜಯ್ಯ ಮೇಲಕ್ಕೆ ಬಂದ. ಹರೀಶ ಅವನನ್ನು ಕಚೇರಿಯ ನಡುವೆ ನಿಲ್ಲಿಸಿ ಹಿಂದೆ ಮುಂದೆ ಸೆಂಟು ಹೊಡೆದ. ದೀಪ ಹಸಿರಾಗಿಯೇ ಇತ್ತು.

"ನೋಡ್ರಿ! ನನ್ನ ಸೆಂಟಿನ ಮಹಿಮೆ!"

ಜುಂಜಯ್ಯ ನಿಟ್ಟುಸಿರು ಬಿಟ್ಟು ಜಾಗಕ್ಕೆ ಹೋದ. ಒದ್ದೆ ಬೋಳುತಲೆಯ ಮೇಲೆ ಏಸಿ ಗಾಳಿ ಬಿದ್ದು ಹಲ್ಲು ಕಟಕಟ ಎಂದವು. ಕೈ ತಾನಾಗಿ ಕಿಟಕಿಗೆ ಹೋಗಿ ಈ ಸಲ ಎರಡು ಗೇಣು ಸರಿಸಿತು. ದೀಪ ಕುಂಕುಮದ ಬೊಟ್ಟಿನಂತೆ ಕೆಂಪಾಯಿತು.

"ಸ್ನಾನ ಮಾಡಿದ ಮ್ಯಾಲೆ ಇನ್ನೂ ಬೇಗ ಆತು," ಎಂದರು ಯಶೋಧಾ ಮೇಡಂ ಗಡಿಯಾರ ನೋಡುತ್ತ.

ಆಗ ಜವಾನ ಗೋವಿಂದಪ್ಪ ಗಂಟಲು ಸರಿಮಾಡಿಕೊಂಡ. ಹಿರೇಗುಂಟನೂರಿನ ಕಡೆಯ ಹಳಬ. ಊರ ಕುರಿಗೂ ಮನುಷ್ಯರಿಗೂ ಒಂದೇ ಮದ್ದು ಕೊಡುವವನು.

"ಸಾಹೇಬ್ರೆ, ಇದು ಮೈಕೊಳೆ ಅಲ್ಲ. ಈ ಮೆಷಿನ್ ಏನು ಹಿಡಿತೈತೆ?"

"ಗಾಳಿ ಹಿಡಿತೈತೆ."

"ಹಂಗಾರೆ ಜುಂಜಯ್ಯನೋರಿಗೆ ಗಾಳಿನೇ ಸೋಕೈತೆ! ಒಂದು ವಾರ ಆಸ್ಪತ್ರೇಲಿ ತಿರುಗ್ಯಾರೆ. ಅಲ್ಲಿ ಎಂಥೆಂಥ ಗಾಳಿ ಇರ್ತಾವೋ! ದೀಪ ಸುಮ್ನೆ ಕೆಂಪಾಗ್ತೈತಾ?"

ಯಂತ್ರದ ಕಂಪನಿಯವರು ಇಷ್ಟು ದೂರ ಯೋಚಿಸಿರಲಿಲ್ಲ. ಆದರೆ ಕಚೇರಿಗೆ ಈ ವಾದ ಬಹಳ ಶಾಸ್ತ್ರೀಯವಾಗಿ ಕಂಡಿತು. ನಾಗಭೂಷಣ ಅವರು "ನನಗೆ ಇದರಾಗೆ ನಂಬಿಕೆ ಇಲ್ಲಪ್ಪ, ಬೇಗ ಮುಗಿಸು," ಎಂದರು. ಗೋವಿಂದಪ್ಪ ಉಪ್ಪು, ಒಣಮೆಣಸಿನಕಾಯಿ ಹಿಡಿದು, ರೂಢಿಯಂತೆ ಕಿಟಕಿ ಮುಚ್ಚಿ ಎದ್ದು ಬಂದ ಕಬಡ್ಡಿ ಅಂಗಿಯ ಜುಂಜಯ್ಯನಿಗೆ ಮೂರು ಸುತ್ತು ನಿವಾಳಿಸಿ, ಕಾಫಿ ಕಾಸುವ ಒಲೆಯ ಮೇಲಿನ ಬಾಣಲೆಗೆ ಹಾಕಿದ.

ಏಸಿ ಹಾಕಿದ ಮುಚ್ಚಿದ ಕಚೇರಿಯಲ್ಲಿ ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ಸುಟ್ಟರೆ ಏನಾಗಬೇಕೋ ಅದಾಯಿತು. ಯಶೋಧಾ ಮೇಡಂ ಸೆರಗು ಮೂಗಿಗೆ ಒತ್ತಿಕೊಂಡು ಮೇಜಿನ ಕೆಳಗೆ ಕೂತರು. ಹರೀಶ ಕೆಮ್ಮಿ ಕೆಮ್ಮಿ ಗೋಡೆ ಹಿಡಿದ. ನಾಗಭೂಷಣ ಅವರ ಕಣ್ಣಲ್ಲಿ ನೀರು ಧಾರೆಯಾಗಿ ಮೀಸೆಯ ಉಣ್ಣೆಯನ್ನು ತೋಯಿಸಿತು. ಕೊಳವೆ ಆ ಘಾಟನ್ನು ಒಂದು ಕಡೆ ನುಂಗಿ ಇನ್ನೊಂದು ಕಡೆ ಉಗುಳಿ ಎಲ್ಲರಿಗೂ ಸಮನಾಗಿ ಹಂಚಿತು. ಇಷ್ಟರ ನಡುವೆ ಕಂಬದ ಮೇಲಿನ ದೀಪ, ಭತ್ತದ ಸಸಿಮಡಿಯಷ್ಟು ಹಸಿರಾಗಿ, ತಣ್ಣಗೆ ಉರಿಯುತ್ತಿತ್ತು.

"ಯಾರೂ... ಯಾರೂ ಕೆಮ್ಮಬ್ಯಾಡ್ರಿ," ಎಂದರು ನಾಗಭೂಷಣ ಕೆಮ್ಮುತ್ತ. "ದೀಪ ಹಸಿರೈತೆ. ಗಾಳಿ ಚೊಕ್ಕ ಐತೆ. ಇದೆಲ್ಲ ನಮ್ಮ ಭ್ರಮೆ."

ಉಸಿರು ಕಟ್ಟಿದ ಜುಂಜಯ್ಯ ತಡಕಾಡಿಕೊಂಡು ತನ್ನ ಜಾಗಕ್ಕೆ ಹೋಗಿ, ಕಿಟಕಿ ಪೂರಾ ಸರಿಸಿ, ಮುಖ ಹೊರಗಿಟ್ಟು ಎದೆ ತುಂಬ ಉಸಿರೆಳೆದ. ಘಾಟು ಕರಗಿ ಎಲ್ಲರೂ ಕಣ್ಣೊರೆಸಿಕೊಂಡು ನೋಡಿದರೆ ದೀಪ ಕೆಂಪು.

ಈಗ ಯಾರಿಗೂ ಸಂಶಯ ಉಳಿಯಲಿಲ್ಲ. ಸುಟ್ಟ ಮೆಣಸಿನಕಾಯಿಯನ್ನು ತಡೆದುಕೊಂಡ ಯಂತ್ರ ಜುಂಜಯ್ಯನನ್ನು ತಡೆದುಕೊಳ್ಳಲಿಲ್ಲ!

ಮಧ್ಯಾಹ್ನ ಎರಡಕ್ಕೆ ನಾಗಭೂಷಣ ಅವರು ಅವನನ್ನು ಕೋಣೆಗೆ ಕರೆಸಿ, ಬಾಗಿಲಲ್ಲೇ ನಿಲ್ಲಿಸಿದರು.

"ಜುಂಜಯ್ಯನೋರೆ, ನಾಳೆ ಅಧ್ಯಕ್ಷರು ಬರ್ತಾರೆ. ನಿಮ್ಮ ಆ ವರ್ಗಾವಣೆ ಅರ್ಜಿ ಐತಲ್ಲ, ತಂದೀರಾ?"

ಜುಂಜಯ್ಯನಿಗೆ ಕಿವಿ ನಂಬಲಾಗಲಿಲ್ಲ. ಓಡಿಹೋಗಿ ಚೀಲದಿಂದ ಅರ್ಜಿ ತಂದು ಕೊಟ್ಟ. ನಾಲ್ಕು ವರ್ಷ ಕದಲದಿದ್ದ ಕಾಗದ ನಾಲ್ಕು ನಿಮಿಷದಲ್ಲಿ ಕದಲಿತು. ಯಶೋಧಾ ಮೇಡಂ ಆದೇಶ ಟೈಪು ಮಾಡಿದರು, ನಾಗಭೂಷಣ ಅವರು ಸಹಿ ಹಾಕಿದರು. ಸಂಜೆ ಐದಕ್ಕೆ ನಂಬರು ಹಾಕಿ ಮೊಹರು ಒತ್ತಿದರೆ ಮುಗಿಯಿತು. ಜುಂಜಯ್ಯ ಅಲ್ಲೇ ನಿಂತು ಓದಿದ: 'ಕಚೇರಿಯ ವಾತಾವರಣದ ಹಿತದೃಷ್ಟಿಯಿಂದ ಸದರಿ ನೌಕರರನ್ನು ತಕ್ಷಣದಿಂದ ಜಾರಿಗೆ ಬರುವಂತೆ ಹೊಸದುರ್ಗ ಶಾಖೆಗೆ ವರ್ಗಾಯಿಸಿದೆ.'

'ವಾತಾವರಣದ ಹಿತದೃಷ್ಟಿಯಿಂದ' ಎಂಬಲ್ಲಿಗೆ ಹಿಂತಿರುಗಿ ಇನ್ನೊಮ್ಮೆ ಓದಿದ. ಮೆಟ್ಟಿಲ ಬಳಿ ನಿಂತು ಹೆಂಡತಿ ಮಮತಾಗೆ ಫೋನು ಮಾಡಿದ.

"ವರ್ಗ ಆತು ಕಣೇ."

"ಆತಾ! ದೇವ್ರು ದೊಡ್ಡೋನು! ಮತ್ಯಾಕೆ ಅಳೋ ದನೀಲಿ ಹೇಳ್ತೀರಿ?"

ಅವನು ಎಲ್ಲ ಹೇಳಿದ.

"ನೋಡ್ರಿ, ಕಾಗದದಾಗೆ ಅವ್ರು ಏನಾದ್ರೂ ಬರ್ಕೊಳ್ಳಿ. ನಿಮ್ಮನ್ನ ಮೂಸಿ ನೋಡಾಕೆ ಯಾರು ಬರ್ತಾರೆ? ಸುಮ್ನೆ ಅದನ್ನ ಇಸ್ಕಂಡು ಬಸ್ಸು ಹತ್ರಿ."

"ಮರ್ಯಾದೆ ಪ್ರಶ್ನೆ ಕಣೇ. ಹೊಸದುರ್ಗದ ಶಾಖೆಯೋರು ಆಗ್ಲೇ ಗ್ರೂಪಿನಾಗೆ 'ಜುಂಜಯ್ಯನೋರಿಗೆ ವರಾಂಡದಾಗೆ ಕುರ್ಚಿ ಹಾಕ್ತೀವಿ' ಅಂತ ಹಾಕ್ಯಾರೆ."

"ವರಾಂಡದಾಗೆ ಗಾಳಿ ಚೆನ್ನಾಗಿರ್ತೈತೆ. ಬರ್ರಿ!"

ಹೆಂಡತಿಯ ಮಾತು ಕೇಳಿ ಕೆಟ್ಟವರು ಕಡಿಮೆ. ಆದರೆ ಜುಂಜಯ್ಯ ಆ ಕಡಿಮೆ ಜನರಲ್ಲಿ ತಾನೂ ಒಬ್ಬನಾದೇನೆಂಬ ಭಯದಲ್ಲೇ ಬದುಕಿದವನು. ಯಂತ್ರದ ಪೆಟ್ಟಿಗೆಯ ಮೇಲೆ ಅಂಟಿಸಿದ್ದ ರಿಪೇರಿಯ ನಂಬರಿಗೆ ತಾನೇ ಫೋನು ಹಚ್ಚಿದ. ಎತ್ತಿದವಳು ರೋಜಾ ಎಂಬ ಮೆಕ್ಯಾನಿಕ್ಕು. ಭರಮಸಾಗರದಲ್ಲಿ ಒಂದು ಏಸಿ ಬಿಚ್ಚಿಕೊಂಡು ಕೂತಿದ್ದಳು.

"ತಾಯಿ, ನೀನು ಇವತ್ತೇ ಬರಬೇಕು. ನಾಳೆ ಬಂದ್ರೆ ನಾನು ಕೊಳಕ ಅಂತ ಮೊಹರು ಬಿದ್ದಿರ್ತೈತೆ."

ಏನೂ ಅರ್ಥವಾಗದಿದ್ದರೂ ದನಿಗೆ ಕರಗಿ ರೋಜಾ ನಾಲ್ಕು ಗಂಟೆಗೆ ಸ್ಕೂಟಿಯಲ್ಲಿ ಬಂದಳು. ಏಣಿ ಹಾಕಿ, ಕೊಳವೆಯ ಮುಚ್ಚಳ ಬಿಚ್ಚಿ, ಟಾರ್ಚು ಬಿಟ್ಟು ಒಳಗೆ ನೋಡಿದಳು. ಆಮೇಲೆ ಕೊಳವೆಯೊಳಗಿಂದ ನಗು ಕೇಳಿಸಿತು.

"ಸಾರ್, ಇದನ್ನ ಕೂರಿಸಿದೋರು ಯಾರು? ಫಿಲ್ಟರಿಗೆ ಸುತ್ತಿದ ಪ್ಲಾಸ್ಟಿಕ್ಕೇ ತೆಗೆದಿಲ್ಲ! ಹೊಸಾ ಕಾರು ತಗಂಡೋರು ಸೀಟಿನ ಕವರು ಬಿಡ್ತಾರಲ್ಲ, ಹಂಗೆ. ಒಂದು ವಾರದಿಂದ ಒಂದು ಚೂರೂ ದೂಳು ಹಿಡಿದಿಲ್ಲ ಇದು."

"ಮತ್ತೆ ದೀಪ ಹಸಿರು ಬರ್ತಿತ್ತಲ್ಲಮ್ಮ?" ಎಂದರು ನಾಗಭೂಷಣ.

ರೋಜಾ ಇಳಿದು ಕಂಬದ ಪೆಟ್ಟಿಗೆ ಬಿಚ್ಚಿದಳು. "ವೈರು ಉಲ್ಟಾ ಕೊಟ್ಟಾರೆ. ಹಸಿರು ಅಂದ್ರೆ ಕೊಳಕು, ಕೆಂಪು ಅಂದ್ರೆ ಚೊಕ್ಕ. ವಾರ ಪೂರ್ತಿ ನೀವು ಕೊಳಕು ಗಾಳಿನೇ ಕುಡಿದೀರಿ." ಮತ್ತೆ ಜುಂಜಯ್ಯನ ಕುರ್ಚಿ, ಅದರ ನೆತ್ತಿಯ ಗಾಳಿ ನುಂಗುವ ಬಾಯಿ, ಬೀರುವಿನ ಮರೆಯ ಕಿಟಕಿ ಎಲ್ಲ ನೋಡಿ ಕೇಳಿದಳು: "ಅಣ್ಣಾರು ಕಿಟಕಿ ತೆಗೀತಾರಾ?"

ಜುಂಜಯ್ಯ ಕಳ್ಳನ ಹಾಗೆ ತಲೆ ಆಡಿಸಿದ. "ಚಳಿ ಆಗ್ತೈತಮ್ಮ."

"ಅದಕ್ಕೇ ಮತ್ತೆ. ಆ ಹೊರಗಿನ ಗಾಳಿ ನೇರ ಈ ಬಾಯಿಗೆ ಹೋಗಿ, ಚೊಕ್ಕ ಅಂತ ದೀಪ ಕೆಂಪಾಗ್ತಿತ್ತು. ಇಡೀ ಆಫೀಸಿಗೆ ಬರ್ತಿದ್ದ ಒಳ್ಳೇ ಗಾಳಿ ಅಂದ್ರೆ ಅದೊಂದೇ."

ಜುಂಜಯ್ಯನ ಎದೆ ಉಬ್ಬಿ ಏಳನೆಯ ನಂಬರು ಹಿಗ್ಗಿತು. ಬೆಳಗಿನಿಂದ ನುಂಗಿದ್ದ ಮಾತೆಲ್ಲ ಹೊರಗೆ ಬಂತು. "ಕೇಳಿದ್ರಾ ಮೇಡಂ? ಕೇಳಿದೇನಪ್ಪ ಗೋವಿಂದಪ್ಪ? ಈ ಆಫೀಸಿನಾಗೆ ಚೊಕ್ಕ ಇರೋನು ನಾನೊಬ್ಬನೇ!"

ರೋಜಾ ಪ್ಲಾಸ್ಟಿಕ್ಕು ಹರಿದು ತೆಗೆದು, ವೈರು ಸರಿಮಾಡಿದಳು. ದೀಪ ಮೊದಲು ಕೆಂಪಾಗಿ ಹೊತ್ತಿತು. ಯಂತ್ರ ಮೊದಲ ಸಲ ನಿಜವಾಗಿ ಕೆಲಸ ಮಾಡಿ ಕಾಲು ಗಂಟೆಯಲ್ಲಿ ಅದನ್ನು ಹಸಿರಿಗೆ ತಂದಿತು. ಕಿಟಕಿ ಮುಚ್ಚಿತ್ತು, ಜುಂಜಯ್ಯ ಕುರ್ಚಿಯಲ್ಲಿ ಕೂತಿದ್ದ, ದೀಪ ಹಸಿರಾಗಿತ್ತು. ಯಶೋಧಾ ಮೇಡಂ ಕ್ಷಮೆ ಕೇಳಿದರು. ಮನೆಗೆ ಹೊರಡುವ ಮುಂಚೆ ಮುಖ ತೊಳೆದು, ಮೂರೂ ಸೆಂಟು ಹೊಡೆದುಕೊಂಡು ಬಂದ ಹರೀಶ, "ತಪ್ಪಾತಣ್ಣ!" ಎಂದು ಓಡಿಬಂದು ಅವನನ್ನು ತಬ್ಬಿಕೊಂಡ.

ದೀಪ ಕೆಂಪಾಯಿತು.

ಇಪ್ಪತ್ತು ಕಣ್ಣು ಮತ್ತೆ ಜುಂಜಯ್ಯನ ಮೇಲೆ ಬೀಳುವಷ್ಟರಲ್ಲಿ ರೋಜಾ, "ನೀವಲ್ಲ, ಅವ್ರು," ಎಂದು ಹರೀಶನ ಕಡೆ ಕೈ ತೋರಿಸಿದಳು. "ಈ ಸೆಂಟು ಯಾವ ಮೆಷಿನ್ನೂ ತಡೆಯಲ್ಲ." ಹರೀಶನನ್ನು ಮೆಟ್ಟಿಲಿಗೆ ಕಳಿಸಿದರು, ಹಸಿರು. ಒಳಗೆ ಕರೆದರು, ಕೆಂಪು.

ನಾಗಭೂಷಣ ಅವರು ಗಡಿಯಾರ ನೋಡಿದರು. ಐದಕ್ಕೆ ಹತ್ತು ನಿಮಿಷ. ಯಶೋಧಾ ಮೇಡಂ ಮೇಜಿನಿಂದ ಆದೇಶ ಎತ್ತಿಕೊಂಡರು.

"ಮೇಡಂ, ಇದರಾಗೆ ಜುಂಜಯ್ಯನೋರ ಹೆಸರು ತೆಗೆದು ಹರೀಶ ಅಂತ ಟೈಪ್ ಮಾಡ್ರಿ. ಉಳಿದಿದ್ದೆಲ್ಲ ಹಂಗೇ ಇರ್ಲಿ."

"ಸಾರ್!" ಜುಂಜಯ್ಯನೂ ಹರೀಶನೂ ಒಟ್ಟಿಗೆ ಕೂಗಿದರು.

"ಸಾರ್, ನಾನು ನಾಳೆಯಿಂದ ಸೆಂಟು ಬಿಡ್ತೀನಿ," ಎಂದ ಹರೀಶ.

"ಹೊಸದುರ್ಗದಾಗೆ ಮೆಷಿನ್ ಇಲ್ಲಪ್ಪ. ಅಲ್ಲಿ ಎಷ್ಟು ಬೇಕಾದ್ರೂ ಹೊಡ್ಕೊ."

"ಸಾರ್, ಅರ್ಜಿ ಹಾಕಿದ್ದು ನಾನು," ಎಂದ ಜುಂಜಯ್ಯ. "ನಾಲ್ಕನೇ ಅರ್ಜಿ."

ನಾಗಭೂಷಣ ಅವರು ಪ್ರೀತಿಯಿಂದ ಅವನ ಹೆಗಲ ಮೇಲೆ ಕೈ ಇಟ್ಟರು. "ವಾತಾವರಣದ ಹಿತದೃಷ್ಟಿಯಿಂದ ಅಂತ ಬರ್ದೈತಲ್ರಿ. ಆ ಕಾರಣ ನಿಮಗೆ ಎಲ್ಲಿ ಹೊಂದ್ತೈತೆ? ನೀವು ಚೊಕ್ಕ ಅಂತ ನೀವೇ ಸಾಬೀತು ಮಾಡಿದ್ರಿ. ಇಂಥೋರನ್ನ ಕಳಿಸಿದ್ರೆ ಅಧ್ಯಕ್ಷರು ನನ್ನ ಸುಮ್ನೆ ಬಿಡ್ತಾರಾ?"

ಐದಕ್ಕೆ ಸರಿಯಾಗಿ ಮೊಹರು ಬಿತ್ತು.

ಮಂಗಳವಾರ ಬೆಳಿಗ್ಗೆ ಹೊಳಲ್ಕೆರೆ ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಪಕ್ಕಪಕ್ಕ ನಿಂತವು. ಒಂದು ಹೊಸದುರ್ಗದಿಂದ ದುರ್ಗಕ್ಕೆ, ಇನ್ನೊಂದು ದುರ್ಗದಿಂದ ಹೊಸದುರ್ಗಕ್ಕೆ. ಕಿಟಕಿಗೆ ಕಿಟಕಿ ಎದುರಾಗಿ ಜುಂಜಯ್ಯನೂ ಹರೀಶನೂ ಸ್ವಲ್ಪ ಹೊತ್ತು ಒಬ್ಬರನ್ನೊಬ್ಬರು ನೋಡುತ್ತ ಕೂತರು. ಹರೀಶ ಎರಡು ತಾಸಿನ ದಾರಿ ಮುಗಿಯುವ ಮುಂಚೆಯೇ ಸೊಂಟ ನೀವಿಕೊಳ್ಳುತ್ತಿದ್ದ. ಕಂಡಕ್ಟರು ಸೀಟಿ ಹೊಡೆದಾಗ ಅವನು ಕೂಗಿ ಕೇಳಿದ:

"ಅಣ್ಣಾ, ಹೊಸದುರ್ಗದಾಗೆ ಮಧ್ಯಾಹ್ನದ ಊಟಕ್ಕೆ ಯಾವ ಹೋಟ್ಲು ಚೆನ್ನಾಗೈತೆ?"

"ಹೋಟ್ಲು ಯಾಕಪ್ಪ," ಎಂದ ಜುಂಜಯ್ಯ, ಮಡಿಲಲ್ಲಿದ್ದ ತಣ್ಣನೆ ಬುತ್ತಿಯ ಡಬ್ಬಿಯನ್ನು ಸರಿಪಡಿಸಿಕೊಳ್ಳುತ್ತ. "ಶಾಖೆ ಪಕ್ಕದ ಬೀದೀಲಿ ಎರಡನೇ ಮನೆ. ಮಮತಾ ಅಂತ ಕೂಗು. ಬಿಸಿ ಮುದ್ದೆ ಹಾಕ್ತಾಳೆ."